ಕೇಳುವವರ ಕೆಲಸ

ಅಕ್ಕನ ಮಗಳು ಪಿಯುಸಿ ಮುಗಿಸಿ, ಸಿಇಟಿ ಬರೆದು ನಮ್ಮ ಮನೆಗೆ ಬಂದಿದ್ದಳು. ಊಟವಾದ ಮೇಲೆ ನಾನು ಹಿತ್ತಿಲ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಅವಳೂ ಬಂದು ಎದುರಿಗೆ ಕೂತು ಕೈ ಹಾಕಿದಳು. ಅರ್ಧ ಬುಟ್ಟಿ ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ತಲೆ ಎತ್ತದೆಯೇ ಕೇಳಿದಳು: “ಚಿಕ್ಕಮ್ಮಾ, ನಂಗೆ ಜನರ ಹತ್ರ ಮಾತಾಡೋದು ಅಂದ್ರೇ ಆಗಲ್ಲ. ಅಂಥವಳು ನರ್ಸಿಂಗ್ ತಗೋಬಹುದಾ?”

ಬಿ.ಎಸ್ಸಿ. ನರ್ಸಿಂಗ್‌ನ ಸರ್ಕಾರಿ ಕೋಟಾದ ಸೀಟು ಈಗ ನಮ್ಮಲ್ಲಿ ಸಿಇಟಿ ಮೂಲಕ ಹಂಚಿಕೆಯಾಗುತ್ತದೆ. ಆಯ್ಕೆ ತುಂಬುವ ದಿನ ಹತ್ತಿರ ಬರುತ್ತಿತ್ತು. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿ ಅವಳ ತಲೆ ಕೆಡಿಸಿದ್ದರು. “ನರ್ಸ್ ಅಂದ್ರೆ ನಗುನಗ್ತಾ ನಾಲ್ಕು ಮಾತಾಡ್ಬೇಕು. ನೀನು ಬಂದವರಿಗೆ ‘ಬನ್ನಿ’ ಅನ್ನೋದು ಬಿಟ್ಟು ಒಳಗೆ ಹೋಗ್ತೀಯಲ್ಲ” ಎಂದು ಭಾವ ಹೇಳಿದ್ದರಂತೆ. ಭಾವ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಫೋನ್ ಬಂದರೆ ಅವಳು ಎತ್ತುವುದಿಲ್ಲ. ಮದುವೆಮನೆಯಲ್ಲಿ “ಎಷ್ಟು ಪರ್ಸೆಂಟು, ಮುಂದೇನು” ಎಂದು ಶುರುವಾಗುವುದಕ್ಕೆ ಮೊದಲೇ ಹಾಲ್‌ನಿಂದ ಕಾಣೆಯಾಗುತ್ತಾಳೆ.

ಆದರೆ ಕಾಣೆಯಾಗಿ ಎಲ್ಲಿಗೆ ಹೋಗುತ್ತಾಳೆ ಎಂದು ನನಗೆ ಗೊತ್ತು. ಊಟದ ಪಂಕ್ತಿಗೆ. ಕೈಯಲ್ಲಿ ನೀರಿನ ಜಗ್ಗು ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಿರುತ್ತಾಳೆ. ಯಾರ ಲೋಟ ಖಾಲಿಯಾಗಿದೆ, ಯಾವ ಅಜ್ಜನಿಗೆ ಬಿಸಿನೀರು ಬೇಕು ಎಂಬುದು ಅವರು ಕೇಳುವ ಮೊದಲೇ ಅವಳಿಗೆ ತಿಳಿದಿರುತ್ತದೆ. ಆ ನೂರು ಜನರ ನಡುವೆ ಅವಳಿಗೆ ಯಾವ ಆಯಾಸವೂ ಇಲ್ಲ. ಅವಳಿಗೆ ಆಗದಿರುವುದು ಜನರಲ್ಲ, ಕೆಲಸವಿಲ್ಲದ ಮಾತು. ಎರಡೂ ಒಂದೇ ಎಂದು ನಾವು ದೊಡ್ಡವರು ತಿಳಿದುಕೊಂಡಿದ್ದೇವೆ, ಅವಳನ್ನೂ ಹಾಗೆಯೇ ನಂಬಿಸಿಬಿಟ್ಟಿದ್ದೇವೆ.

ನನಗೆ ಆ ಹೊತ್ತಿಗೆ ನೆನಪಾದದ್ದು ಎರಡು ವರ್ಷದ ಹಿಂದಿನ ಆಸ್ಪತ್ರೆಯ ರಾತ್ರಿಗಳು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿ, ಒಟ್ಟು ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದೆವು. ಈ ಹುಡುಗಿಯ ಎಸ್ಸೆಸ್ಸೆಲ್ಸಿ ಪರೀಕ್ಷೆ ಆಗಷ್ಟೇ ಮುಗಿದಿತ್ತು. ರಾತ್ರಿ ಅಜ್ಜಿಯ ಜೊತೆಗಿರಲು ನನ್ನೊಟ್ಟಿಗೆ ಬರುತ್ತಿದ್ದಳು.

ಆ ವಾರ್ಡಿನಲ್ಲಿ ನೈಟ್ ಡ್ಯೂಟಿಗೆ ಬರುತ್ತಿದ್ದ ಒಬ್ಬ ಸಿಸ್ಟರ್ ಇದ್ದರು. ಮೂವತ್ತರ ಆಸುಪಾಸು. ಬಂದವರೇ ದೊಡ್ಡ ಲೈಟು ಹಾಕುತ್ತಿರಲಿಲ್ಲ. ಚಿಕ್ಕ ಟಾರ್ಚನ್ನು ಅಂಗೈಯಿಂದ ಮರೆಮಾಡಿ, ಬೆರಳ ಸಂದಿಯಿಂದ ಬರುವ ಬೆಳಕಿನಲ್ಲಿ ಡ್ರಿಪ್ ನೋಡುತ್ತಿದ್ದರು. ಅರ್ಧ ಲೀಟರಿನ ಬಾಟಲಿ ಎಂಟು ಗಂಟೆಯಲ್ಲಿ ಹೋಗಬೇಕೆಂದರೆ, ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 21 ಹನಿ ಬೀಳಬೇಕು. ಅವರು ಒಂದು ಕಣ್ಣು ವಾಚಿನ ಮೇಲೆ, ಒಂದು ಕಣ್ಣು ಹನಿಯ ಮೇಲೆ ಇಟ್ಟು ಎಣಿಸುತ್ತಿದ್ದರು. ಎರಡು ಗಂಟೆಗೊಮ್ಮೆ ಬಂದು ಅಮ್ಮನ ಮಗ್ಗುಲು ಬದಲಿಸಿ, ಕಾಲುಗಳ ನಡುವೆ ದಿಂಬು ಇಟ್ಟು, ಬೆನ್ನಿನ ಚರ್ಮ ಎಲ್ಲಾದರೂ ಕೆಂಪಾಗಿದೆಯೇ ಎಂದು ನೋಡುತ್ತಿದ್ದರು. ಮಲಗಿದಲ್ಲೇ ಇರುವವರಿಗೆ ಹುಣ್ಣು ಶುರುವಾಗುವುದು ಅಲ್ಲಿಂದಲೇ.

ಅವರು ಆಡುತ್ತಿದ್ದ ಮಾತು ಮೂರೇ. ಏನು ಮಾಡುತ್ತೇನೆ, ಹೇಗನ್ನಿಸುತ್ತದೆ, ಮುಗಿಯಿತು. “ಅಮ್ಮಾ, ಸೂಜಿ ಬದಲಾಯಿಸ್ತೀನಿ. ಸ್ವಲ್ಪ ಚುರ್ ಅನ್ನತ್ತೆ. ಹಾಂ, ಆಯ್ತು.” ಹಗಲು ಬರುತ್ತಿದ್ದವರು ಬಹಳ ಮಾತಾಡುತ್ತಿದ್ದರು, ಒಳ್ಳೆಯವರೇ. ಆದರೆ ಅಮ್ಮ ಕಾಯುತ್ತಿದ್ದದ್ದು ಇವರಿಗಾಗಿ. “ಆ ಮಾತಾಡ್ದೇ ಇರೋ ಹುಡುಗಿ ಬಂದ್ಲಾ?” ಎಂದು ಎಂಟು ಗಂಟೆಯಿಂದಲೇ ಕೇಳುತ್ತಿದ್ದರು.

ಇನ್ನೊಂದು ರಾತ್ರಿಯದು. ಎರಡು ಗಂಟೆ ದಾಟಿತ್ತು. ನಾನು ಕುರ್ಚಿಯಲ್ಲೇ ತೂಕಡಿಸುತ್ತಿದ್ದೆ. ಈ ಹುಡುಗಿ ನೆಲಕ್ಕೆ ಹಾಸಿದ ಚಾಪೆಯ ಮೇಲೆ ಎದ್ದು ಕೂತು ಮಂಚದ ಕೆಳಗೆ ನೇತುಹಾಕಿದ್ದ ಯೂರಿನ್ ಬ್ಯಾಗನ್ನೇ ನೋಡುತ್ತಿದ್ದಳು. ಅಮ್ಮ ನಿದ್ದೆಯಲ್ಲೇ ನರಳುತ್ತಾ ಹೊಟ್ಟೆಯ ಮೇಲೆ ಕೈಯಾಡಿಸುತ್ತಿದ್ದರು. ಸ್ವಲ್ಪ ಹೊತ್ತು ಹಾಗೇ ನೋಡಿ, ಎದ್ದು ಆ ಉದ್ದನೆಯ ಕಾರಿಡಾರಿನಲ್ಲಿ ನಡೆದು ಸಿಸ್ಟರ್ ಕೂರುವ ಟೇಬಲಿನ ಹತ್ತಿರ ಹೋದಳು. ಹಿಂದೆಯೇ ಹೋದ ನನಗೆ ಕೇಳಿಸಿತು: “ಸಿಸ್ಟರ್, ಹತ್ತು ಗಂಟೆಗೆ ಎಷ್ಟಿತ್ತೋ ಈಗ್ಲೂ ಬ್ಯಾಗಲ್ಲಿ ಅಷ್ಟೇ ಇದೆ. ಅಜ್ಜಿ ಹೊಟ್ಟೆ ಮುಟ್ಕೊಳ್ತಿದಾರೆ.”

ಅವರು ತಕ್ಷಣ ಎದ್ದು ಬಂದರು. ಹೊದಿಕೆ ಸರಿಸಿದರೆ ಟ್ಯೂಬು ಅಮ್ಮನ ತೊಡೆಯ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ನೇರ ಮಾಡಿದ್ದೇ ತಡ, ಬ್ಯಾಗು ತುಂಬತೊಡಗಿತು. ಅಮ್ಮನ ಮುಖ ಸಡಿಲವಾಯಿತು. ಸಿಸ್ಟರ್ ಚಾರ್ಟಿನಲ್ಲಿ ಬರೆದು, ಹೋಗುವಾಗ ಇವಳ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟರು. ನಾನು ಆ ರಾತ್ರಿಯೆಲ್ಲ ಅದೇ ಬ್ಯಾಗಿನ ಪಕ್ಕದಲ್ಲಿ ಕೂತಿದ್ದೆ. ನನಗೆ ಕಂಡಿರಲಿಲ್ಲ.

ಹುಣಸೆಬೀಜ ಬಿಡಿಸುತ್ತಾ ಇದನ್ನು ನೆನಪಿಸಿದೆ. “ಅದು ಬೇರೆ ಚಿಕ್ಕಮ್ಮಾ, ಅದು ಹೇಳಲೇಬೇಕಿತ್ತು” ಎಂದಳು. ನರ್ಸಿಂಗ್‌ನಲ್ಲಿ ಆಡುವ ಮಾತಿನಲ್ಲಿ ಬಹುಪಾಲು ಆ ಜಾತಿಯದೇ, ಹೇಳಲೇಬೇಕಾದ ಮಾತು, ಎಂದೆ.

ನಮ್ಮ ಭಾಷೆಯಲ್ಲಿ ಈ ಕೆಲಸಕ್ಕಿರುವ ಹೆಸರನ್ನೇ ನೋಡಿ. ಶುಶ್ರೂಷೆ. ಶ್ರವಣ, ಶ್ರುತಿ, ಶ್ರೋತೃ ಎಂಬ ಮಾತುಗಳು ಹುಟ್ಟಿದ ಧಾತುವಿನಿಂದಲೇ ಇದೂ ಹುಟ್ಟಿದೆ. ಮೂಲದಲ್ಲಿ ಶುಶ್ರೂಷೆ ಎಂದರೆ ಕೇಳಬೇಕೆಂಬ ಇಚ್ಛೆ. ಗುರುವಿನ ಮಾತು ಕೇಳಲು ಬಯಸುವವನು ಬಳಿಯಲ್ಲೇ ಇದ್ದು ಸೇವೆ ಮಾಡುತ್ತಾನೆ. ಹಾಗೆ ಆ ಮಾತಿಗೆ ಸೇವೆ, ಉಪಚಾರ ಎಂಬ ಅರ್ಥ ಬಂತು. ರೋಗಿಯ ಆರೈಕೆಗೆ ನಮ್ಮ ಹಿರಿಯರು ಇಟ್ಟುಕೊಂಡ ಪದದಲ್ಲಿ ಕಿವಿ ಇದೆ, ನಾಲಗೆ ಇಲ್ಲ.

ಫ್ಲಾರೆನ್ಸ್ ನೈಟಿಂಗೇಲ್ ಕೂಡ ಇದನ್ನೇ ಇನ್ನೊಂದು ದಾರಿಯಿಂದ ಕಂಡುಕೊಂಡವರು. 1859ರಲ್ಲಿ ಅವರು ಬರೆದ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಗದ್ದಲದ ಬಗ್ಗೆಯೇ ಒಂದು ಅಧ್ಯಾಯವಿದೆ. ರೋಗಿಯ ಕೋಣೆಯಲ್ಲೋ ಬಾಗಿಲ ಹೊರಗೋ ಪಿಸುಗುಟ್ಟುವುದು ಕ್ರೌರ್ಯ, ಯಾಕೆಂದರೆ ಅದು ತನ್ನ ವಿಷಯವೇ ಇರಬೇಕೆಂದು ರೋಗಿ ಕಿವಿ ನಿಮಿರಿಸಿ ದಣಿಯುತ್ತಾನೆ ಎನ್ನುತ್ತಾರೆ. ಮಾತಾಡುವಾಗ ಅವನ ಕಣ್ಣಿಗೆ ಕಾಣುವ ಹಾಗೆ ಕೂತು ಮಾತಾಡಿ, ಅವನು ಕಷ್ಟಪಟ್ಟು ತಲೆ ತಿರುಗಿಸುವ ಹಾಗೆ ಮಾಡಬೇಡಿ ಎನ್ನುತ್ತಾರೆ. ಬಂದವರು ಸುರಿಯುವ ಪೊಳ್ಳು ಭರವಸೆ, ಪುಕ್ಕಟೆ ಸಲಹೆಗಳಿಂದ ರೋಗಿ ಎಷ್ಟು ಬಳಲುತ್ತಾನೆಂದು ಹೇಳಲು ಮತ್ತೊಂದು ಅಧ್ಯಾಯ. ಅದಾದ ಕೂಡಲೇ ಬರುವುದು ರೋಗಿಯನ್ನು ಗಮನಿಸುವುದು ಹೇಗೆ ಎಂಬ ಅಧ್ಯಾಯ. 1854ರಲ್ಲಿ 38 ಮಂದಿ ಹೆಂಗಸರನ್ನು ಕಟ್ಟಿಕೊಂಡು ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋಗಿದ್ದ ಆಕೆ, 1856ರಲ್ಲಿ ಮರಳಿದಾಗ ಇಂಗ್ಲೆಂಡಿನ ಜನ ಅದ್ದೂರಿ ಸ್ವಾಗತಕ್ಕೆ ಕಾಯುತ್ತಿದ್ದರು. ಆಕೆ ಅದನ್ನೆಲ್ಲ ತಪ್ಪಿಸಿ ಸದ್ದಿಲ್ಲದೆ ಮನೆ ಸೇರಿದರು. ಆಮೇಲಿನ ಬಹುಕಾಲ ಕಾಯಿಲೆಯಿಂದ ಕೋಣೆಯಲ್ಲೇ ಇದ್ದು, ಪತ್ರ ಮತ್ತು ವರದಿಗಳ ಮೂಲಕವೇ ಕೆಲಸ ನಡೆಸಿದರು. ಆಧುನಿಕ ನರ್ಸಿಂಗ್‌ಗೆ ತಳಪಾಯ ಹಾಕಿದ ಆಕೆ ಸಭೆಗಳಿಂದ ದೂರವೇ ಉಳಿದವರು.

ಇಷ್ಟು ಹೇಳಿ ಸುಮ್ಮನಾದರೆ ಆ ಹುಡುಗಿಗೆ ಅನ್ಯಾಯವಾಗುತ್ತದೆ. ಆ ಕೆಲಸದಲ್ಲಿ ಮಾತು ಬಹಳವಿದೆ. ನಮ್ಮಲ್ಲಿ ಒಬ್ಬ ರೋಗಿ ಎಂದರೆ ಜೊತೆಗೆ ನಾಲ್ಕು ಜನ. “ಡಾಕ್ಟರ್ ಯಾವಾಗ ಬರ್ತಾರೆ”, “ರಿಪೋರ್ಟ್ ಬಂತಾ”, “ಅನ್ನ ಕೊಡಬಹುದಾ” ಎಂದು ಒಂದೇ ಪ್ರಶ್ನೆಯನ್ನು ನಾಲ್ವರೂ ಬೇರೆ ಬೇರೆಯಾಗಿ ಕೇಳುತ್ತಾರೆ. ಭಯದಲ್ಲಿರುವವರು ಸಿಟ್ಟಾಗುತ್ತಾರೆ, ಸಿಟ್ಟು ಮೊದಲು ತಟ್ಟುವುದು ಕೈಗೆ ಸಿಗುವ ಸಿಸ್ಟರಿಗೇ. ಡ್ಯೂಟಿ ಬದಲಾಗುವಾಗ ಪ್ರತಿಯೊಬ್ಬ ರೋಗಿಯ ಸ್ಥಿತಿಯನ್ನು ಮುಂದಿನವರಿಗೆ ಬಾಯಿಬಿಟ್ಟು ಒಪ್ಪಿಸಬೇಕು. ಬಿ.ಪಿ. ಇಳಿಯುತ್ತಿದೆ ಎಂದರೆ ರಾತ್ರಿ ಎರಡಾದರೂ ಮೂರಾದರೂ ಮಲಗಿರುವ ಡಾಕ್ಟರನ್ನು ಎಬ್ಬಿಸಬೇಕು. ಬರೆದ ಡೋಸು ಸರಿಯಿಲ್ಲ ಅನ್ನಿಸಿದರೆ ಎದುರಿಗಿರುವವರು ಎಷ್ಟೇ ದೊಡ್ಡವರಾದರೂ “ಸರ್, ಒಮ್ಮೆ ನೋಡಿ” ಎನ್ನಬೇಕು. ಅಲ್ಲಿ ಸಂಕೋಚಪಟ್ಟು ಸುಮ್ಮನಿದ್ದರೆ ಒಂದು ಜೀವಕ್ಕೆ ಅಪಾಯ. ಆ ಹೊತ್ತಿನ ಮೌನವನ್ನು ಯಾರ ಸ್ವಭಾವವೆಂದೂ ಕ್ಷಮಿಸಲಾಗದು.

ಇದರ ಬಗ್ಗೆ ಆ ರಾತ್ರಿಯ ಸಿಸ್ಟರನ್ನೇ ಒಮ್ಮೆ ಕೇಳಿದ್ದೆ. “ಮನೇಲೂ ನಾನು ಮಾತು ಕಮ್ಮಿನೇ ಮೇಡಂ. ಇಲ್ಲಿ ಏನು ಮಾತಾಡ್ಬೇಕು ಅಂತ ಯೋಚ್ನೆ ಮಾಡ್ಬೇಕಿಲ್ಲ, ಪೇಷಂಟೇ ಹೇಳಿಕೊಡ್ತಾರೆ” ಎಂದರು. ಮೊದಲ ವರ್ಷ ಡಾಕ್ಟರಿಗೆ ಫೋನ್ ಮಾಡುವ ಮೊದಲು ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರಂತೆ: ಯಾವ ಬೆಡ್ಡು, ಏನಾಗಿದೆ, ಬಿ.ಪಿ. ಎಷ್ಟು, ನಾಡಿ ಎಷ್ಟು, ಈಗ ಏನು ಮಾಡಲಿ. ಸೂಜಿ ಹಾಕುವುದನ್ನು ಕಲಿತ ಹಾಗೆಯೇ ಮಾತನ್ನೂ ಕಲಿತೆ ಎಂದರು. ರಾತ್ರಿ ನೆಂಟರೆಲ್ಲ ಹೊರಟ ಮೇಲೆ ಅವರು ಔಷಧಿ ಕೋಣೆಗೆ ಹೋಗಿ, ಒಂದು ಲೋಟ ನೀರು ಕುಡಿದು, ಎರಡು ನಿಮಿಷ ಗೋಡೆಗೆ ಒರಗಿ ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೇನೆ. ದಣಿವಾಗುತ್ತಿತ್ತು. ದಣಿವು ಆರಿಸಿಕೊಂಡು ಮತ್ತೆ ಬರುತ್ತಿದ್ದರು.

ಆಪರೇಷನ್ ಥಿಯೇಟರು, ಐಸಿಯು, ನವಜಾತ ಶಿಶುಗಳ ಘಟಕ ಹೀಗೆ ಮಾತು ಕಡಿಮೆಯಿರುವ ಜಾಗಗಳೂ ಇವೆ. ಥಿಯೇಟರಿನಲ್ಲಿ ಹೊಟ್ಟೆ ಮುಚ್ಚುವ ಮೊದಲು ಬಟ್ಟೆಯ ತುಂಡುಗಳನ್ನೂ ಉಪಕರಣಗಳನ್ನೂ ಎಣಿಸಿ ಲೆಕ್ಕ ಒಪ್ಪಿಸುವವರು ನರ್ಸೇ. ಅಲ್ಲಿ ಬೇಕಾದದ್ದು ಏಕಾಗ್ರತೆ. ಆದರೆ ಅಲ್ಲಿಗೆ ನೇರ ದಾರಿಯಿಲ್ಲ. ಬಿ.ಎಸ್ಸಿ.ಯ ನಾಲ್ಕು ವರ್ಷವಾಗಲಿ, ಜಿಎನ್‌ಎಂ ಡಿಪ್ಲೊಮಾದ ಮೂರು ವರ್ಷವಾಗಲಿ, ಎಲ್ಲರೂ ಜನರಲ್ ವಾರ್ಡು, ಹೆರಿಗೆ ವಾರ್ಡು, ಮಕ್ಕಳ ವಾರ್ಡು, ಮಾನಸಿಕ ರೋಗಿಗಳ ವಾರ್ಡುಗಳನ್ನು ದಾಟಲೇಬೇಕು. ಸಮುದಾಯ ಆರೋಗ್ಯದ ಪೋಸ್ಟಿಂಗ್‌ನಲ್ಲಿ ಹಳ್ಳಿಗೆ ಹೋಗಿ ಮನೆಮನೆಯ ಬಾಗಿಲು ತಟ್ಟಬೇಕು. ಇದನ್ನೂ ಮುಚ್ಚಿಡದೆ ಹೇಳಿದೆ.

ಕೊನೆಗೆ ಅವಳಿಗೆ ಕೇಳಿದ್ದು ಒಂದೇ. “ಅಜ್ಜಿಗೆ ಬೆಡ್‌ಪ್ಯಾನ್ ಇಡುವಾಗ, ಮೈ ಒರೆಸುವಾಗ ನಿಂಗೆ ಹೇಗನ್ನಿಸ್ತಿತ್ತು? ದೂರ ಓಡ್ಬೇಕು ಅನ್ನಿಸ್ತಿತ್ತಾ?” ಅವಳು ಯೋಚಿಸಿ ಹೇಳಿದಳು: “ಇಲ್ಲ. ಅಲ್ಲೇ ಇರ್ಬೇಕು ಅನ್ನಿಸ್ತಿತ್ತು.” ನೋವಿನಲ್ಲಿರುವವರ ಹತ್ತಿರ ಇರುವುದೇ ಬೇಡ ಅನ್ನಿಸುವವರು ಎಷ್ಟು ಮಾತುಗಾರರಾದರೂ ಈ ಕೆಲಸಕ್ಕೆ ಬರಬಾರದು. ಅಲ್ಲೇ ಇರಬೇಕು ಅನ್ನಿಸುವವರಿಗೆ ಉಳಿದದ್ದನ್ನು ಕಲಿಸಬಹುದು.

ಅವಳು ನರ್ಸಿಂಗ್ ಸೇರಿದಳು. ದೀಪಾವಳಿಗೆ ಬಂದಾಗ ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ಕೂತಳು. “ನಾಡಿ ಎಪ್ಪತ್ನಾಲ್ಕು, ಉಸಿರು ಹದಿನಾರು” ಎಂದಳು. ಉಸಿರು ಯಾವಾಗ ಎಣಿಸಿದೆ ಎಂದು ಕೇಳಿದೆ. “ಹೇಳಿ ಎಣಿಸಿದ್ರೆ ಉಸಿರು ಬದಲಾಗ್ಬಿಡತ್ತೆ ಚಿಕ್ಕಮ್ಮಾ. ಅದಕ್ಕೇ ನಾಡಿ ನೋಡ್ತಿರೋ ಹಾಗೇ ಕೈ ಹಿಡ್ಕೊಂಡು, ಎದೆ ನೋಡಿ ಎಣಿಸ್ಬೇಕು.” ವೈವಾ ಅಂದರೆ ಈಗಲೂ ಭಯವಂತೆ, ಹಾಸ್ಟೆಲಿನ ಗದ್ದಲ ಕಷ್ಟವಂತೆ. ವಾರ್ಡಿಗೆ ಹೋಗುವ ದಿನ ಮಾತ್ರ ಬೇಗ ಏಳುತ್ತಾಳಂತೆ.

ನಿಮ್ಮ ಮನೆಯಲ್ಲೂ ಇಂಥ ಮಗಳೋ ಮಗನೋ ಇರಬಹುದು. ಬಂದವರೆದುರು ಮಾತಾಡುವುದಿಲ್ಲ ಎಂಬ ಒಂದೇ ಕಾರಣಕ್ಕೆ “ಇದು ನಿನ್ನಿಂದಾಗದ ಕೆಲಸ” ಎನ್ನಬೇಡಿ. ಆಯ್ಕೆ ತುಂಬುವ ಮೊದಲು, ಪರಿಚಯದವರು ಯಾರಾದರೂ ಆಸ್ಪತ್ರೆಯಲ್ಲಿದ್ದರೆ, ಒಂದು ರಾತ್ರಿ ಅವರ ಜೊತೆಗಿರಲು ಕಳಿಸಿ. ಬೆಳಿಗ್ಗೆ ಮನೆಗೆ ಬಂದ ಮೇಲೆ ಏನು ಕಂಡೆ ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಸುಮ್ಮನೆ ಕೂತು ಕೇಳಿ.