ಶ್ರುತಿಯನ್ನೇ ನುಂಗಿದ ಮೈಕು

ಗಣೇಶ ಹಬ್ಬದ ರಜೆಗೆ ಸಾಗರಕ್ಕೆ ಹೋಗಿದ್ದಾಗ ಅಮ್ಮ ನಮ್ಮ ಕೈಗೆ ಒಂದು ಕವರ್ ಕೊಟ್ಟರು. ಒಳಗೆ 8,000 ರೂಪಾಯಿ ಇತ್ತು. ಎಲ್ಲ ನೂರು, ಇನ್ನೂರರ ನೋಟುಗಳು. ಪಾಠದ ಫೀಸಿನಲ್ಲಿ ಉಳಿಸಿದ್ದು ಅಂತ ನೋಡಿದ ಕೂಡಲೇ ಗೊತ್ತಾಗ್ತಿತ್ತು.

ಅಮ್ಮ ಅಂದ್ರೆ ನಮ್ಮಲ್ಲೊಬ್ಬನ ಅಮ್ಮ. ನಾವು ಮೂವರು ಒಂದೇ ರೂಮಿನವರು, ಆದ್ದರಿಂದ ಮೂವರಿಗೂ ಅಮ್ಮನೇ. ಮನೆಯಲ್ಲೇ ಮಕ್ಕಳಿಗೆ ಸಂಗೀತ ಪಾಠ ಹೇಳ್ತಾರೆ. ಮೊದಲು ಹದಿನಾಲ್ಕು ಮಕ್ಕಳು ಬರ್ತಿದ್ರು, ಈಗ ಐದೇ ಜನ. ಹೊಸದಾಗಿ ಸೇರಿಸೋಕೆ ಬರುವ ಅಪ್ಪ ಅಮ್ಮಂದಿರು ಮೊದಲು ಕೇಳೋದು, "ಆನ್‌ಲೈನ್‌ನಲ್ಲಿ ನೀವು ಹಾಡಿದ್ದು ಏನಾದ್ರೂ ಇದೆಯಾ?" ಅಂತ. ಇರಲಿಲ್ಲ. ಮೂವತ್ತು ವರ್ಷ ಹಾಡಿದವರ ಒಂದೇ ಒಂದು ವಿಡಿಯೋ ಇರಲಿಲ್ಲ.

"ನೀವು ಇಂಜಿನಿಯರಿಂಗ್ ಓದೋರು, ನಿಮಗೆ ಇದೆಲ್ಲ ಗೊತ್ತಿರುತ್ತೆ. ನಾಲ್ಕು ಹಾಡು ರೆಕಾರ್ಡ್ ಮಾಡ್ಕೊಡಿ. ಆದ್ರೆ ಇಷ್ಟರೊಳಗೇ ಆಗ್ಬೇಕು ನೋಡಿ" ಅಂದರು. ನಾವೂ ಎದೆ ಉಬ್ಬಿಸಿಕೊಂಡು "ಆಗುತ್ತೆ ಬಿಡಿ ಅಮ್ಮ" ಅಂದ್ವಿ.

ಹಾಸ್ಟೆಲ್‌ಗೆ ಬಂದ ರಾತ್ರಿಯೇ ಆರ್ಡರ್ ಮಾಡಿದ್ವಿ. ಸ್ಟ್ಯಾಂಡ್ ಸಮೇತ ರಿಂಗ್ ಲೈಟ್, 1,350. ಹಿಂದೆ ಕಟ್ಟೋಕೆ ಕಪ್ಪು ಬಟ್ಟೆ, 600. ಸೆರಗಿಗೆ ಸಿಕ್ಕಿಸುವ ವೈರ್‌ಲೆಸ್ ಮೈಕು, 1,950. ಆ ಮೈಕಿನ ಮೇಲೆ ಒಂದು ಬಟನ್ ಇತ್ತು, ಒತ್ತಿದ್ರೆ ಹಸಿರು ದೀಪ ಬಂದು ನಾಯ್ಸ್ ಕ್ಯಾನ್ಸಲೇಶನ್ ಶುರುವಾಗುತ್ತೆ. ಅದನ್ನ ನೋಡಿಯೇ ತಗೊಂಡಿದ್ದು. ಒಟ್ಟು 3,900. ಉಳಿದಿದ್ದು 4,100.

ದಸರಾಕ್ಕೆ ಹೋಗಿ ಹಾಲ್‌ನಲ್ಲಿ ಸೆಟಪ್ ಹಾಕಿದ್ವಿ. ಅಮ್ಮ ರೇಷ್ಮೆ ಸೀರೆ ಉಟ್ಟುಕೊಂಡು ಬಂದು ಕೂತರು. ಪಕ್ಕದಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ. ಹಸಿರು ದೀಪ ಆನ್. ಒಂದು ದೇವರನಾಮ ಹಾಡಿದರು. ನಿಜವಾಗಿ ಚೆನ್ನಾಗಿ ಹಾಡಿದರು.

ಫೋನಿನಲ್ಲಿ ಹಾಕಿ ಕೇಳಿದಾಗ ಮೊದಲು ಕಂಡಿದ್ದು ಕನ್ನಡಕದ ಎರಡೂ ಗಾಜಿನಲ್ಲಿ ಎರಡು ಬಿಳಿ ಬಳೆ, ರಿಂಗ್ ಲೈಟಿನದ್ದು. ಅದಕ್ಕೆ ಎಲ್ಲರೂ ನಕ್ಕೆವು. ಆಮೇಲೆ ಅಮ್ಮನ ಮುಖ ಸಪ್ಪಗಾಯ್ತು. ಹಾಡು ಮುಗಿಯೋವರೆಗೂ ಕೇಳಿ ಮೆತ್ತಗೆ ಅಂದರು: "ಇದರಲ್ಲಿ ಶ್ರುತಿನೇ ಇಲ್ವಲ್ಲೋ. ನಾನು ಏನನ್ನ ಹಿಡ್ಕೊಂಡು ಹಾಡ್ತಾ ಇದೀನಿ?"

ನಿಜ. ಶ್ರುತಿ ಪೆಟ್ಟಿಗೆಯ ನಾದ ಮೊದಲ ಎರಡು ಸೆಕೆಂಡು ಇತ್ತು, ಆಮೇಲೆ ಮಾಯ. ಅಮ್ಮನ ಉದ್ದನೆಯ ಕಾರ್ವೆಗಳು ಕೂಡ ಕೊನೆಗೆ ನೀರೊಳಗಿಂದ ಬಂದ ಹಾಗೆ ನಡುಗಿ ಕರಗ್ತಿದ್ವು. ಅಮ್ಮ ನಮಗೇನೂ ಬೈಲಿಲ್ಲ. "ನನ್ನ ಗಂಟಲೇ ಹೀಗಾಗಿದೆಯೇನೋ" ಅಂದು ಎದ್ದು ಒಳಗೆ ಹೋದರು. ಬೈದಿದ್ರೇ ಚೆನ್ನಾಗಿತ್ತು.

ಕಾಲೇಜಿಗೆ ವಾಪಸ್ ಬರುವ ಬಸ್ಸಿನಲ್ಲಿ ನಮಗೆ ಹೊಳೀತು. ಈ ಸೆಮಿಸ್ಟರ್ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಓದ್ತಿರೋ ನಮಗೆ ಇದು ಮೊದಲೇ ಹೊಳೀಬೇಕಿತ್ತು. ಇಂಥ ಮೈಕುಗಳು ತಯಾರಾಗಿರೋದು ಮಾತಿಗೆ. ಮಾತು ಕ್ಷಣಕ್ಷಣಕ್ಕೂ ಬದಲಾಗುತ್ತೆ, ಮಧ್ಯೆ ಮಧ್ಯೆ ನಿಲ್ಲುತ್ತೆ. ಬದಲಾಗದೆ ಒಂದೇ ಸಮ ಇರೋದು ಏನು? ಫ್ಯಾನು, ಏಸಿ, ಮೋಟರು. ಹಾಗಾಗಿ ಒಂದೇ ಸಮ ಇರೋದನ್ನ ಗದ್ದಲ ಅಂತ ಲೆಕ್ಕ ಹಾಕಿ ಕಳೆದುಬಿಡುತ್ತೆ. ಆದರೆ ನಮ್ಮ ಸಂಗೀತದಲ್ಲಿ ಒಂದೇ ಸಮ ಇರೋದು ಶ್ರುತಿ. ಎಲ್ಲ ನಿಂತಿರೋದು ಅದರ ಮೇಲೆ. ಶ್ರುತಿ ತಾಯಿ, ಲಯ ತಂದೆ ಅಂತಾರಲ್ಲ, ನಾವು 1,950 ಕೊಟ್ಟು ತಾಯಿಯನ್ನೇ ಅಳಿಸೋ ಯಂತ್ರ ತಂದಿದ್ವಿ. ಅಮ್ಮನ ಗಂಟಲಿಗೆ ಏನೂ ಆಗಿರಲಿಲ್ಲ.

ಬಟನ್ ಆಫ್ ಮಾಡಿದ್ರೆ ಸಾಕಲ್ವಾ ಅಂತ ನೀವು ಕೇಳಬಹುದು. ಆ ಸಂಜೆ ಅದನ್ನೂ ಮಾಡಿ ನೋಡಿದ್ವಿ. ಶ್ರುತಿ ವಾಪಸ್ ಬಂತು, ಆದರೆ ಆಟೋಮ್ಯಾಟಿಕ್ ಗೇನ್ ಉಳಿದುಕೊಂಡಿತ್ತು. ಅದು ಮೆಲ್ಲಗೆ ಹಾಡಿದ್ದನ್ನ ಎತ್ತುತ್ತೆ, ಜೋರಾಗಿ ಹಾಡಿದ್ದನ್ನ ಅದುಮುತ್ತೆ. ಕೊನೆಗೆ ತಾರಸ್ಥಾಯಿಯೂ ಉಸಿರು ಎಳೆದುಕೊಳ್ಳೋ ಸದ್ದೂ ಒಂದೇ ಎತ್ತರ. ಆಗ ನಮಗೊಂದು ನಿಯಮ ಸಿಕ್ತು: ಹಾಡಿಗೆ ಮೈಕು ತಗೊಳ್ಳುವಾಗ ಅದು ಏನೇನು ಮಾಡುತ್ತೆ ಅಂತ ನೋಡಬೇಡಿ, ಏನೇನು ಮಾಡದೆ ಸುಮ್ಮನಿರುತ್ತೆ ಅಂತ ನೋಡಿ.

ಯುಎಸ್‌ಬಿ ಕಂಡೆನ್ಸರ್ ಮೈಕಿನ ಯೋಚನೆ ಬಂತು. ಉಳಿದ ಹಣ ಪೂರ್ತಿ ಅದಕ್ಕೇ ಹೋಗ್ತಿತ್ತು, ಜೊತೆಗೆ ಲ್ಯಾಪ್‌ಟಾಪ್ ಫ್ಯಾನಿನ ಸದ್ದು ಬೇರೆ. ಎಕ್ಸ್‌ಎಲ್‌ಆರ್ ಕಂಡೆನ್ಸರ್ ಆದ್ರೆ 48 ವೋಲ್ಟ್ ಫ್ಯಾಂಟಮ್ ಪವರ್ ಕೊಡೋಕೆ ಆಡಿಯೋ ಇಂಟರ್‌ಫೇಸ್ ಬೇಕು. ಆ ದಾರಿ ಅಲ್ಲಿಗೇ ಬಿಟ್ವಿ. ಕೊನೆಗೆ ತಗೊಂಡಿದ್ದು ಒಂದೇ ವಸ್ತು, ಬೋಯಾ ಬಿವೈ-ಎಂ1 ಅನ್ನೋ ವೈರ್ ಇರುವ ಪುಟ್ಟ ಮೈಕು. ನಮಗೆ 850ಕ್ಕೆ ಸಿಕ್ತು. 6 ಮೀಟರ್ ವೈರು, ಯಾವ ಬುದ್ಧಿವಂತಿಕೆಯೂ ಇಲ್ಲ. ಅಮ್ಮನ ಹಳೇ ಫೋನಿನಲ್ಲಿ 3.5 ಎಂಎಂ ಜ್ಯಾಕ್ ಇತ್ತು, ಅದೇ ನಮ್ಮ ರೆಕಾರ್ಡರ್. ವಿಡಿಯೋಗೆ ನಮ್ಮ ಫೋನು.

ದೀಪಾವಳಿಗೆ ಮತ್ತೆ ಹೋದ್ವಿ. ಅಮ್ಮ ಮೊದಲು ಒಪ್ಪಲಿಲ್ಲ, "ಬೇಡ ಬಿಡ್ರೋ" ಅಂದರು. "ಇದೊಂದ್ಸಲ" ಅಂತ ಕಾಡಿ ಒಪ್ಪಿಸಿದ್ವಿ. ಮೂರು ದಿನವೂ ಪಟಾಕಿ. ಕೊನೆಗೆ ಹೊರಡೋ ದಿನ ಬೆಳಗಿನ ಜಾವ ನಾಲ್ಕೂವರೆಗೆ ಎದ್ವಿ.

ಆ ಜಾವ ಮಾಡಿದ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಒಂದು ಪೈಸೆ ಖರ್ಚಿಲ್ಲ. ಹಾಲ್ ಬಿಟ್ಟು ಮಲಗುವ ಕೋಣೆಗೆ ಹೋದ್ವಿ. ಹಾಲ್‌ನ ಟೈಲ್ಸ್ ನೆಲಕ್ಕೂ ಖಾಲಿ ಗೋಡೆಗೂ ದನಿ ಬಡಿದು ವಾಪಸ್ ಬರ್ತಿತ್ತು. ಕೋಣೆಯಲ್ಲಿ ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಬೀರು ಇತ್ತು. ಬೀರುವಿನ ಬಾಗಿಲನ್ನೂ ತೆಗೆದಿಟ್ವಿ. ಎದುರು ಗೋಡೆಗೆ ದಪ್ಪ ಕಂಬಳಿ ನೇತು ಹಾಕಿದ್ವಿ. ಫ್ಯಾನ್ ಆಫ್. ಫ್ರಿಜ್ ಕೂಡ ಆಫ್. ಆಮೇಲೆ ಆನ್ ಮಾಡೋದು ಮರೀಬಾರದು ಅಂತ ಬೈಕ್ ಕೀಯನ್ನ ಫ್ರಿಜ್ಜಿನೊಳಗೇ ಇಟ್ವಿ. ಹೊರಗೆ ಹೋಗ್ಬೇಕಾದ್ರೆ ಫ್ರಿಜ್ ತೆಗೀಲೇಬೇಕು!

ಮೈಕನ್ನ ಸೆರಗಿಗೆ ಸಿಕ್ಕಿಸಲಿಲ್ಲ. ರೇಷ್ಮೆ ಸರಸರ ಅನ್ನುತ್ತೆ, ತಾಳ ಹಾಕುವಾಗ ಬಳೆ ಸದ್ದು ಬೇರೆ. ಅಮ್ಮ ಸಾಹಿತ್ಯದ ಪುಸ್ತಕ ಇಟ್ಟುಕೊಳ್ಳೋ ವ್ಯಾಸಪೀಠದ ಅಂಚಿಗೆ ಸಿಕ್ಕಿಸಿದ್ವಿ, ಬಾಯಿಯಿಂದ ಸುಮಾರು ಒಂದೂವರೆ ಅಡಿ. ದೂರ ಅರ್ಧ ಆದ್ರೆ ನೇರ ದನಿ 6 ಡೆಸಿಬೆಲ್ ಏರುತ್ತೆ, ಕೋಣೆಯ ಮಾರ್ದನಿ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಹತ್ತಿರ ಇಡೋದಕ್ಕಿಂತ ಅಗ್ಗದ ಅಪ್‌ಗ್ರೇಡ್ ಇನ್ನೊಂದಿಲ್ಲ. ಶ್ರುತಿ ಪೆಟ್ಟಿಗೆ ಮೂರಡಿ ದೂರದಲ್ಲಿಟ್ಟು, ಇಯರ್‌ಫೋನ್‌ನಲ್ಲಿ ಕೇಳಿ, ಸ್ವಲ್ಪ ಹಿಂದೆ ಮುಂದೆ ಸರಿಸಿದ್ವಿ. ನಮ್ಮ ಮಿಕ್ಸಿಂಗ್ ಅಂದ್ರೆ ಅಷ್ಟೇ, ಪೆಟ್ಟಿಗೆ ಸರಿಸೋದು.

ಬೆಳಕಿಗೆ ಇದ್ದಿದ್ದು ಟ್ಯೂಬ್‌ಲೈಟು. ಪರದೆಯಲ್ಲಿ ಕಪ್ಪು ಪಟ್ಟೆಗಳು ಓಡಾಡಿದವು. ನಮ್ಮ ಕರೆಂಟು 50 ಹರ್ಟ್ಸ್, ಅಂದ್ರೆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ. ಓಪನ್ ಕ್ಯಾಮೆರಾ ಅನ್ನೋ ಉಚಿತ ಆ್ಯಪ್‌ನಲ್ಲಿ ಶಟರನ್ನ 1/50ಕ್ಕೆ ನಿಲ್ಲಿಸಿದ ಮೇಲೆ ಪಟ್ಟೆ ಹೋಯ್ತು. ರಿಂಗ್ ಲೈಟಿನಲ್ಲಿ ಉಪಯೋಗಕ್ಕೆ ಬಂದಿದ್ದು ಅದರ ಸ್ಟ್ಯಾಂಡ್ ಮಾತ್ರ, ಫೋನ್ ನಿಲ್ಲಿಸೋಕೆ.

ಎರಡೂ ಫೋನ್ ರೆಕಾರ್ಡ್ ಆಗ್ತಿರುವಾಗ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ. ಆಮೇಲೆ ಎಡಿಟಿಂಗ್‌ನಲ್ಲಿ ಚಪ್ಪಾಳೆಯ ಚಿತ್ರಕ್ಕೆ ಚಪ್ಪಾಳೆಯ ಸದ್ದು ಕೂಡಿಸಿದ್ರೆ ತುಟಿಗೂ ಹಾಡಿಗೂ ಹೊಂದಿಕೆಯಾಗುತ್ತೆ. ಐದಾರು ನಿಮಿಷದ ಹಾಡಿಗೆ ಇದು ಸಾಕು. ಅರ್ಧ ಗಂಟೆ ಒಂದೇ ಸಮ ರೆಕಾರ್ಡ್ ಮಾಡಿದ್ರೆ ಎರಡು ಫೋನುಗಳ ಗಡಿಯಾರ ಸ್ವಲ್ಪ ಸ್ವಲ್ಪ ಜಾರುತ್ತೆ, ಆದ್ದರಿಂದ ಹಾಡು ಹಾಡಿಗೂ ಹೊಸ ಚಪ್ಪಾಳೆ. ಆಡಿಯೋ 48 ಕಿಲೋಹರ್ಟ್ಸ್. ಲೆವೆಲ್, ಎಷ್ಟು ಜೋರಾಗಿ ಹಾಡಿದ್ರೂ ಮೈನಸ್ 12 ಡೆಸಿಬೆಲ್ ಆಸುಪಾಸು.

ಅದೇ ದೇವರನಾಮ ಹಾಡಿದರು. ಮುಗಿದ ಮೇಲೆ ಇಯರ್‌ಫೋನ್ ಕೊಟ್ವಿ. ಅಮ್ಮ ಕಣ್ಣು ಮುಚ್ಚಿಕೊಂಡು ಕೇಳ್ತಿದ್ರು, ನಾವು ಉಸಿರು ಬಿಗಿ ಹಿಡಿದು ಅವರ ಮುಖ ನೋಡ್ತಿದ್ವಿ. ಚರಣ ಬಂದಾಗ ಹುಬ್ಬು ಗಂಟಾಯ್ತು. ಮತ್ತೆ ಕೆಡ್ತು ಅಂದ್ಕೊಂಡ್ವಿ.

"ಇಲ್ಲಿ ನಾನೇ ಸ್ವಲ್ಪ ಇಳಿದಿದೀನಿ. ಶ್ರುತಿ ಸರಿಯಾಗಿ ಕೇಳಿಸ್ತಿದೆ ನೋಡು, ಅದಕ್ಕೇ ಗೊತ್ತಾಗ್ತಿದೆ. ಇನ್ನೊಂದ್ಸಲ ಹಾಡ್ತೀನಿ, ಹಾಕಿ" ಅಂದರು.

ನಮಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ. ಮೊದಲ ಸಲ ಯಂತ್ರದ ತಪ್ಪನ್ನ ತನ್ನ ಗಂಟಲಿನ ಮೇಲೆ ಹಾಕಿಕೊಂಡವರು, ಈಗ ತಮ್ಮ ತಪ್ಪನ್ನ ತಾವೇ ಹಿಡಿದು ತಿದ್ದಿಕೊಳ್ತಿದ್ರು. ಬೆಳಕು ಹರಿದು ಹಕ್ಕಿಗಳ ಗಲಾಟೆ ಶುರುವಾಗೋದರೊಳಗೆ ನಾಲ್ಕು ಹಾಡೂ ಮುಗಿದವು.

ಹೊರಡುವಾಗ ಉಳಿದ 3,250 ರೂಪಾಯಿಯನ್ನ ಲೆಕ್ಕದ ಚೀಟಿ ಜೊತೆ ವಾಪಸ್ ಕೊಟ್ಟು, ವೇಸ್ಟ್ ಆದ 3,900 ಕೂಡ ನಮ್ಮ ಪಾಕೆಟ್ ಮನಿಯಲ್ಲಿ ತೀರಿಸ್ತೀವಿ ಅಂದ್ವಿ. ಅಮ್ಮ ಚೀಟಿ ಓದಿ ನಕ್ಕರು. "ಅದು ನಿಮ್ಮ ಕಲಿಕೆಯ ಫೀಸು ಅಂದ್ಕೊಳ್ಳಿ. ನಾನೂ ಮಕ್ಕಳ ಹತ್ರ ತಗೊಳ್ತೀನಲ್ಲ."

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಇಷ್ಟು ಕನ್ನಡ ಬರೆಯೋಕೆ ಮೂರು ರಾತ್ರಿ ಬೇಕಾಯ್ತು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನಿಮ್ಮ ಮನೆಯಲ್ಲೂ ಹಾಡೋರು, ಕೊಳಲು ಪಿಟೀಲು ನುಡಿಸೋರು ಇದ್ರೆ ಮುಂದಿನ ರಜೆಯಲ್ಲಿ ರೆಕಾರ್ಡ್ ಮಾಡಿ. ವೈರ್ ಮೈಕು ನಮ್ಮ ರೂಮಿನಲ್ಲಿದೆ, ಕೇಳಿ ತಗೊಂಡು ಹೋಗಿ, ಮರೀದೆ ವಾಪಸ್ ತನ್ನಿ. ರಿಂಗ್ ಲೈಟೂ ಇದೆ. ಅದನ್ನ ಮಾತ್ರ ವಾಪಸ್ ತರೋದು ಬೇಡ.