ಟ್ರೇಲರಿನಲ್ಲಿ ಹೋದ ಪುಸ್ತಕ

ದೀಪಾವಳಿ ಕಳೆದ ಮರುವಾರ ಜತ್ತದಿಂದ ಸಾಂಗಲಿಯ ನ್ಯಾಯಾಲಯಕ್ಕೆ ಹೊರಟಿದ್ದೆ. ಕವಠೇ ಮಹಾಂಕಾಳದ ಚಹಾದಂಗಡಿಯ ಮುಂದೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು ನಿಂತಿತ್ತು. ಒಂದರಲ್ಲಿ ಗುಡಿಸಲಿನ ಗಳ, ತಾಡಪತ್ರಿ, ಜೋಳದ ಚೀಲ, ಎರಡು ಆಡು; ಇನ್ನೊಂದರಲ್ಲಿ ನಮ್ಮ ತಾಲೂಕಿನ ಪೂರ್ವಭಾಗದ ಜನ. ಮ್ಹೈಸಾಳ ಏತ ನೀರಾವರಿಯ ನೀರು ಅವರ ಹೊಲವನ್ನು ಇನ್ನೂ ಮುಟ್ಟಿಲ್ಲ. ಆದುದರಿಂದ ಅವರೇ ಕಬ್ಬು ಕಡಿಯಲು ಕೃಷ್ಣೆಯ ದಂಡೆಗೆ ಹೊರಟಿದ್ದರು.

ಚೀಲದ ಮೇಲೆ ಕುಳಿತ ಬಾಲಕಿಯ ಕೈಯಲ್ಲಿ ನಾಲ್ಕನೆಯ ಇಯತ್ತೆಯ ಕನ್ನಡ ಪುಸ್ತಕವಿತ್ತು.

“ಅಲ್ಲಿ ಸಾಲಿಗೆ ಹೋಗ್ತೀಯೇನವ್ವಾ?”

“ಅಲ್ಲಿ ಮರಾಠಿ ಸಾಲಿ ಐತ್ರಿ.”

“ಅಕಿ ತಮ್ಮನ್ನ ನೋಡ್ಕೋಬೇಕ್ರಿ ಸಾಹೇಬ್ರ” ಎಂದಳು ತಾಯಿ.

2009ರ ಶಿಕ್ಷಣ ಹಕ್ಕು ಕಾಯಿದೆಯ 5ನೆಯ ಕಲಮು ಮಗುವಿಗೆ ಶಾಲೆ ಬದಲಿಸುವ ಹಕ್ಕನ್ನು ಕೊಡುತ್ತದೆ; 29ನೆಯದು ಬೋಧನೆಯು ‘ಸಾಧ್ಯವಾದಷ್ಟು ಮಟ್ಟಿಗೆ’ ಮಾತೃಭಾಷೆಯಲ್ಲಿರಬೇಕೆನ್ನುತ್ತದೆ. ಇಂಥ ಪದಗಳನ್ನೇ ಹಿಡಿದು ವಾದ ಗೆದ್ದವನು ನಾನು. ಅದನ್ನು ಆ ಹುಡುಗಿಗೆ ಹೇಗೆ ಹೇಳಬೇಕೆಂದು ಮಾತ್ರ ತಿಳಿಯಲಿಲ್ಲ.

ಊರಿನಲ್ಲಿ ಅಜ್ಜಿಯಾದರೂ ಇದ್ದಿದ್ದರೆ ಆಕೆ ಉಳಿಯಬಹುದಿತ್ತು. ಅಜ್ಜಿಯೂ ಟ್ರೇಲರಿನಲ್ಲೇ ಇದ್ದಳು, ಕಬ್ಬಿನ ಕೊಯ್ತಾಗಳ ಪಕ್ಕದಲ್ಲಿ.