ಹಾಳೆ ಒಂದು, ಫೈಲ್ 6 ಎಂಬಿ

ರಾಯಚೂರಿನಲ್ಲಿ ಪತ್ರಿಕೋದ್ಯಮ ಓದಿದ ನಾವು ದೇವದುರ್ಗ, ಮಾನ್ವಿ ಕಡೆಯ ನಮ್ಮ ಊರುಗಳಿಗೆ ಹೋದರೆ ಜನ ಸುದ್ದಿ ಕೇಳುವುದು ಕಡಿಮೆ. ಫೋನ್ ಕೈಗೆ ಕೊಟ್ಟು, "ತಮ್ಮಾ, ಫೈಲ್ ದೊಡ್ಡದಾಗ್ಯಾದಂತ, ಹೋಗವಲ್ದು, ಜರಾ ನೋಡು" ಅಂತಾರೆ. ಹೆಚ್ಚಿನ ಸಲ ಅದು ಪಹಣಿ, ಜಾತಿ-ಆದಾಯ ಪತ್ರ, ಇಲ್ಲವೇ 371(ಜೆ) ಅರ್ಹತಾ ಪತ್ರ. 2013ರಿಂದ ನಮ್ಮ ಭಾಗದ ಹುಡುಗ-ಹುಡುಗಿಯರಿಗೆ ಸೀಟು, ನೌಕರಿಯಲ್ಲಿ ಮೀಸಲಾತಿ ಕೊಡಿಸುವ ಆ ಒಂದು ಹಾಳೆ ಅರ್ಜಿಯ ಕೊನೇ ದಿನ 6 ಎಂಬಿ ಆಗಿ ಕೂತಿರುತ್ತದೆ. ಅರ್ಜಿಗೆ ಬೇಕಾದದ್ದು ಕೆಲವು ನೂರು ಕೆಬಿ ಮಾತ್ರ.

ಫೋಟೋ ಹೊಡೆದು ಮಾಡಿದ ಪಿಡಿಎಫ್‌ನಲ್ಲಿ ಅಕ್ಷರ ಇರುವುದಿಲ್ಲ, ಹಾಳೆಯ ಚಿತ್ರ ಇರುತ್ತದೆ. ಎ4 ಹಾಳೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕೆ. ಕಾಗದದ ಮಡಿಕೆ, ಕೆಳಗೆ ಹಾಸಿದ ಚಾದರದ ಹೂವು, ಫೋಟೋ ಹೊಡೆದವರ ನೆರಳು ಎಲ್ಲವೂ ತೂಕಕ್ಕೆ ಬರುತ್ತವೆ. ಅಂಚು ಕತ್ತರಿಸಿ, ಬಣ್ಣ ತೆಗೆದು, 150 ಡಿಪಿಐಗೆ ಇಳಿಸಿದರೆ ಚುಕ್ಕೆಗಳೇ ಕಾಲು ಭಾಗಕ್ಕೆ ಬರುತ್ತವೆ. ಆನ್‌ಲೈನ್‌ನಲ್ಲಿ ಇಳಿಸಿಕೊಂಡ ಪತ್ರ ಇದ್ದರೆ ಅದನ್ನೇ ಹಾಕಿರಿ. ಪ್ರಿಂಟ್ ತೆಗೆಸಿ ಮತ್ತೆ ಫೋಟೋ ಹೊಡೆಯುವುದು ಯಾಕೆ? ಅದರಲ್ಲಿ ಡಿಜಿಟಲ್ ಸಹಿ ಇದ್ದರೆ ಹಿಂಡಲೂ ಹೋಗಬೇಡಿರಿ, ಸಹಿ ಕೆಡುತ್ತದೆ.

ನಮಗೆ ಭಯ ಇರುವುದು ದೊಡ್ಡ ಫೈಲಿನದಲ್ಲ, ಅತಿಯಾಗಿ ಹಿಂಡಿದ ಫೈಲಿನದು. ಮೊದಲು ಒತ್ತಕ್ಷರ ಅಳಿಸುತ್ತವೆ, ಆಮೇಲೆ 3 ಯಾವುದು, 8 ಯಾವುದು ತಿಳಿಯುವುದಿಲ್ಲ. ಸರ್ವೆ ನಂಬರಿನಲ್ಲಿ ಒಂದು ಅಂಕಿ ಬದಲಾದರೆ ಹೊಲವೇ ಬೇರೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ತಜ್ಞ ಡೇವಿಡ್ ಕ್ರೀಸೆಲ್, ಝೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ 6 ಇದ್ದಲ್ಲಿ 8 ಹಾಕುತ್ತಿದ್ದುದನ್ನು ಬಯಲಿಗೆ ತಂದರು. (ನಾವು ನಕಲು ಪ್ರತಿಗೇ ಝೆರಾಕ್ಸ್ ಅಂತೀವಲ್ಲ, ಅದೇ ಕಂಪನಿ.) ಫೈಲ್ ಸಣ್ಣದಾಗಲಿ ಅಂತ ಯಂತ್ರ ಒಂದೇ ತರಹ ಕಾಣುವ ಅಂಕಿಗಳಿಗೆಲ್ಲ ಒಂದೇ ಚಿತ್ರ ಬಳಸುತ್ತಿತ್ತು. ಅಂಕಿ ಮಸುಕಾಗಿದ್ದರೆ ಅನುಮಾನವಾದರೂ ಬರುತ್ತಿತ್ತು. ಅದು ಅಚ್ಚುಕಟ್ಟಾಗಿ ತಪ್ಪಾಗಿತ್ತು. ಕಂಪನಿ ಆಮೇಲೆ ಸಾಫ್ಟ್‌ವೇರ್ ಸರಿಪಡಿಸಿತು.

ಇನ್ನೊಂದು ಮಾತು. ಗೂಗಲ್‌ನಲ್ಲಿ ಮೊದಲು ಕಂಡ ಪುಕ್ಕಟೆ ವೆಬ್‌ಸೈಟಿಗೆ ಆಧಾರ್, ಪಾಸ್‌ಬುಕ್ ಹಾಕಿದರೆ ಅವು ಯಾರದೋ ಕಂಪ್ಯೂಟರಿಗೆ ಹೋಗುತ್ತವೆ. ನೆಟ್ ಬಂದ್ ಮಾಡಿದರೂ ಫೋನಿನಲ್ಲೇ ಕೆಲಸ ಮಾಡುವ ಆಪ್ ವಾಸಿ. ಇಂಟರ್‌ನೆಟ್ ಸೆಂಟರ್‌ನಲ್ಲಿ ಮಾಡಿಸಿದರೆ, ಎದ್ದು ಬರುವ ಮೊದಲು ನಿಮ್ಮ ಫೈಲ್ ಅಳಿಸಲು ಹೇಳಿರಿ, ನಾಚಿಕೆ ಬೇಡ.

ಫೈಲ್ ಸಣ್ಣದಾದ ಮೇಲೆ ನಾವು ಅದನ್ನು ತೆರೆದು, ಎರಡು ಬೆರಳಿನಿಂದ ಹಿಗ್ಗಿಸಿ, ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ ಗಟ್ಟಿಯಾಗಿ ಓದುತ್ತೇವೆ. ಹೊಲದವರು ಪಕ್ಕದಲ್ಲಿ ಕೂತಿರುತ್ತಾರೆ. ಓದು ಬರದ ಅಜ್ಜನಿಗೂ ತನ್ನ ನಂಬರ್ ಬಾಯಿಪಾಠ ಇರುತ್ತದೆ. ಅವರು "ಹೌದು" ಅಂದ ಮೇಲೆಯೇ ಅಪ್‌ಲೋಡ್ ಬಟನ್ ಒತ್ತುವುದು.